ರಾಜಾಜಿನಗರ: ದುಡಿಮೆಗೆಂದೇ ಹುಟ್ಟಿದ ಬಡಾವಣೆಯ ಆಯವ್ಯಯ

ಬೆಂಗಳೂರಿನ ಸಣ್ಣ ಉದ್ದಿಮೆಗಳ ಹಳೆಯ ಬಿಲ್ ಪುಸ್ತಕಗಳನ್ನು ತೆರೆದು ನೋಡಿದರೆ ಒಂದು ವಿಳಾಸ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕೆಲವದರಲ್ಲಿ ‘ಇಂಡಸ್ಟ್ರಿಯಲ್ ಟೌನ್, ರಾಜಾಜಿನಗರ’ ಎಂದಿದ್ದರೆ, ಕೆಲವದರಲ್ಲಿ ‘ಇಂಡಸ್ಟ್ರಿಯಲ್ ಎಸ್ಟೇಟ್’ ಎಂದೂ, ಇನ್ನು ಕೆಲವದರಲ್ಲಿ ‘ಇಂಡಸ್ಟ್ರಿಯಲ್ ಸಬರ್ಬ್’ ಎಂದೂ ಮುದ್ರಿತವಾಗಿರುತ್ತದೆ. ಬಡಾವಣೆಗಳಿಗೆ ದೇವರ, ದೊರೆಗಳ, ನಾಯಕರ ಹೆಸರಿಡುವುದು ನಮ್ಮಲ್ಲಿ ರೂಢಿ. ಆದರೆ ಅಂಚೆ ವಿಳಾಸದಲ್ಲಿಯೇ ಕೈಗಾರಿಕೆಯನ್ನು ಹೊತ್ತು ನಿಂತ ವಾಸದ ಬಡಾವಣೆಗಳು ಅಪರೂಪ. ಅಂತಹ ಒಂದು ಬಡಾವಣೆ ಹುಟ್ಟಿದ್ದೇಕೆ, ಬೆಳೆದದ್ದು ಹೇಗೆ, ಅದರ ಕೈಗಾರಿಕೆಯ ಗುಣ ಇಂದು ಯಾವ ಸ್ಥಿತಿಯಲ್ಲಿದೆ ಎಂಬುದು ವರ್ತಕರೂ ಸಣ್ಣ ಉತ್ಪಾದಕರೂ ತಿಳಿಯಬೇಕಾದ ಸಂಗತಿಯಾಗಿದೆ.

ಪ್ಲೇಗಿನಿಂದ ಕಾರ್ಖಾನೆಯವರೆಗೆ

ಬೆಂಗಳೂರಿನ ಹಳೆಯ ಪೇಟೆಯಿಂದ ಜನ ಹೊರಗೆ ಬಂದು ನೆಲೆಸಲು ಮೊದಲ ದೊಡ್ಡ ಕಾರಣವಾದದ್ದು 1898ರ ಪ್ಲೇಗು. ಇಕ್ಕಟ್ಟಾದ ಬೀದಿಗಳಿಂದ ಜನರನ್ನು ಬಿಡಿಸಿ, ಗಾಳಿ ಬೆಳಕು ಚೆನ್ನಾಗಿರುವ ಕಡೆ ನೆಲೆಗೊಳಿಸಬೇಕೆಂಬ ಯೋಚನೆಯಿಂದ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ರೂಪುಗೊಂಡವು. ಅವು ಮುಖ್ಯವಾಗಿ ವಾಸಕ್ಕಾಗಿ ಹುಟ್ಟಿದ ಬಡಾವಣೆಗಳು. ಅಧಿಕಾರಿಗಳು, ಉಪಾಧ್ಯಾಯರು, ವಕೀಲರು ಅಲ್ಲಿ ಮನೆ ಕಟ್ಟಿಕೊಂಡರು.

ಮಲ್ಲೇಶ್ವರದ ಪಶ್ಚಿಮಕ್ಕೆ, ತುಮಕೂರಿನ ಕಡೆಗೆ ಹೋಗುವ ರೈಲು ಹಳಿಯಿಂದಾಚೆ ಹಬ್ಬಿದ ಭೂಮಿಯ ಕಥೆ ಬೇರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರು ಕಾರ್ಖಾನೆಗಳ ಊರಾಗಿ ಬದಲಾಗತೊಡಗಿತ್ತು. 1940ರಲ್ಲಿ ವಿಮಾನ ಕಾರ್ಖಾನೆ ಬಂದಿತು. 1945ರಲ್ಲಿ ನಗರ ಸುಧಾರಣಾ ಮಂಡಳಿ ರಚನೆಯಾಯಿತು. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸಂಸ್ಥೆ ಹುಟ್ಟಿ, ಮಲ್ಲೇಶ್ವರದ ಪಶ್ಚಿಮದ ಅಂಚಿನಲ್ಲಿ ಮೋಟಾರು ಮುಂತಾದ ವಿದ್ಯುತ್ ಯಂತ್ರಗಳ ತಯಾರಿಕೆಗೆ ನೆಲೆಯೂರಿತು. ಸ್ವಾತಂತ್ರ್ಯ ಬಂದಾಗ ಆಡಳಿತದ ಮುಂದಿದ್ದ ಪ್ರಶ್ನೆ ಎರಡು ಮುಖಗಳದು: ಕಾರ್ಖಾನೆಗಳಿಗೆ ಜಾಗವೆಲ್ಲಿ, ಅಲ್ಲಿ ದುಡಿಯುವವರಿಗೆ ಮನೆಯೆಲ್ಲಿ? ಈ ಎರಡಕ್ಕೂ ಒಂದೇ ಕಡೆ ಉತ್ತರ ಹುಡುಕಿದ ಪ್ರಯತ್ನವೇ ಈ ಕೈಗಾರಿಕಾ ಉಪನಗರ. ಸಿ. ರಾಜಗೋಪಾಲಾಚಾರಿಯವರು ಗವರ್ನರ್ ಜನರಲ್ ಆಗಿದ್ದ 1949ರಲ್ಲಿ ಅದು ಅವರ ಹೆಸರನ್ನು ಪಡೆಯಿತು. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದ ರಾಜಾಜಿಯವರಿಗೆ ಈ ಊರು ಹೊಸದೇನೂ ಆಗಿರಲಿಲ್ಲ.

ಗಂಧದ ಪರಿಮಳ, ಕಬ್ಬಿಣದ ಸದ್ದು

ಬಡಾವಣೆಗೆ ದೊಡ್ಡ ಗುರುತು ತಂದುಕೊಟ್ಟದ್ದು ಸರ್ಕಾರಿ ಸಾಬೂನು ಕಾರ್ಖಾನೆ. ಮೊದಲನೆಯ ಮಹಾಯುದ್ಧದಿಂದ ಯೂರೋಪಿಗೆ ಗಂಧದ ಮರದ ರಫ್ತು ನಿಂತುಹೋದಾಗ, ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆಯನ್ನು ತಾನೇ ತೆಗೆಯಲು ಆರಂಭಿಸಿತು. ಅದರ ಮುಂದುವರಿಕೆಯಾಗಿ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಕಚ್ಚಾ ಸರಕಿಗೆ ಕೊಳ್ಳುವವರಿಲ್ಲದಾಗ ಅದಕ್ಕೆ ಮೌಲ್ಯ ಸೇರಿಸಿ ಮಾರುವುದು ಎಂಬ ವ್ಯಾಪಾರದ ಹಳೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನಗರದ ಒಳಭಾಗದಲ್ಲಿದ್ದ ಈ ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಉಪನಗರಕ್ಕೆ ಸ್ಥಳಾಂತರಗೊಂಡಿತು. 1980ರಲ್ಲಿ ಅದು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಕಂಪನಿಯಾಯಿತು. ಇಂದು ಅಲ್ಲಿನ ಮೆಟ್ರೋ ನಿಲ್ದಾಣಕ್ಕೂ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಎಂಬ ಹೆಸರೇ ಇದೆ.

ಆದರೆ ರಾಜಾಜಿನಗರದ ನಿಜವಾದ ಸ್ವಭಾವವನ್ನು ರೂಪಿಸಿದವು ಸಣ್ಣ ಘಟಕಗಳು. 1950ರ ದಶಕದಲ್ಲಿ ನಗರದ ವಾಯವ್ಯಕ್ಕೆ, ಜಾಲಹಳ್ಳಿಯ ಕಡೆ, ಎಚ್.ಎಂ.ಟಿ. ಮತ್ತು ಬಿ.ಇ.ಎಲ್. ಸ್ಥಾಪನೆಯಾದವು. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗ, ಜಿಗ್, ಫಿಕ್ಸ್ಚರ್, ಗೇಜುಗಳನ್ನು ಒದಗಿಸಲು ಸಣ್ಣ ಶೆಡ್ಡುಗಳು ಬೇಕಾದವು. 1959ರಲ್ಲಿ ರಾಜ್ಯ ಹಣಕಾಸು ಸಂಸ್ಥೆ, 1960ರಲ್ಲಿ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಬಂದ ಮೇಲೆ, ಕೈಯಲ್ಲಿ ಕಸುಬಿದ್ದು ಬಂಡವಾಳವಿಲ್ಲದವನಿಗೂ ಸಾಲ ಮತ್ತು ಶೆಡ್ಡು ದೊರೆಯುವ ದಾರಿ ತೆರೆಯಿತು. ದೊಡ್ಡ ಕಾರ್ಖಾನೆಯಲ್ಲಿ ಪಳಗಿದ ಕುಶಲಕರ್ಮಿ, ಒಂದು ಲೇತ್ ಹಾಕಿಕೊಂಡು ಮಾಲೀಕನಾಗುವುದು ಈ ಬಡಾವಣೆಯಲ್ಲಿ ಸಾಮಾನ್ಯ ದೃಶ್ಯವಾಯಿತು.

ಕಾರ್ಮಿಕ ವಸತಿಯ ಪಕ್ಕದಲ್ಲೇ ಇ.ಎಸ್.ಐ. ಆಸ್ಪತ್ರೆ ಎದ್ದುನಿಂತಿತು. ಬ್ಲಾಕುಗಳ ಒಳರಸ್ತೆಗಳಲ್ಲಿ ಶಾಲೆಗಳು, ರಾಮಮಂದಿರ, ಸಂಗೀತ ನಾಟಕಗಳ ಚಟುವಟಿಕೆಗಳು ಬೆಳೆದವು. ಇಂದು ಡಾ. ರಾಜಕುಮಾರ್ ರಸ್ತೆ ಎಂದು ಕರೆಯಲಾಗುವ ಮುಖ್ಯರಸ್ತೆಯ ನವರಂಗ್ ಚಿತ್ರಮಂದಿರವು ಹೊಸ ಚಿತ್ರಗಳ ಬಿಡುಗಡೆಯ ದಿನ ಜಾತ್ರೆಯ ಸ್ಥಳವಾಗುತ್ತಿತ್ತು. ಬೆಳಗಿನ ಸೈರನ್ನಿಗೆ ಸೈಕಲ್ ಏರಿದವನೇ ಸಂಜೆ ಮಂದಿರದ ಸಂಗೀತ ಕಚೇರಿಯಲ್ಲಿ ಕುಳಿತಿರುತ್ತಿದ್ದ. ವಾಸ, ದುಡಿಮೆ, ವ್ಯಾಪಾರ ಮೂರೂ ನಡಿಗೆಯ ದೂರದಲ್ಲಿದ್ದವು ಎಂಬುದೇ ಈ ಬಡಾವಣೆಯ ವಿಶೇಷ.

ಕಾಣದ ಸರಪಳಿ

ಹೊರಗಿನಿಂದ ನೋಡುವವರಿಗೆ ಒಂದು ರಸ್ತೆಯ ಹತ್ತು ಶೆಡ್ಡುಗಳು ಹತ್ತು ಪ್ರತ್ಯೇಕ ಉದ್ದಿಮೆಗಳು. ಒಳಗಿನವರಿಗೆ ಅದು ಒಂದೇ ಕಾರ್ಖಾನೆಯ ಹತ್ತು ವಿಭಾಗಗಳಿದ್ದಂತೆ. ಒಬ್ಬನು ಮರದ ಅಚ್ಚು ಮಾಡಿದರೆ ಮತ್ತೊಬ್ಬನು ಎರಕ ಹೊಯ್ಯುವನು. ಎರಕವಾದದ್ದು ಲೇತಿಗೆ, ಲೇತಿನಿಂದ ಮಿಲ್ಲಿಂಗಿಗೆ, ಅಲ್ಲಿಂದ ಹೀಟ್ ಟ್ರೀಟ್‌ಮೆಂಟಿಗೆ, ಕೊನೆಗೆ ಗ್ರೈಂಡಿಂಗಿಗೋ ಪ್ಲೇಟಿಂಗಿಗೋ ಸಾಗುವುದು. ಈ ಪಯಣವೆಲ್ಲ ಒಂದು ಲಗೇಜ್ ಆಟೋದಲ್ಲಿ, ಡೆಲಿವರಿ ಚಲನ್ ಒಂದರ ಮೇಲೆ, ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯಗಳ ನಡುವೆ ನಡೆಯುತ್ತದೆ. ಕೆಲಸ ಕೆಟ್ಟರೆ ಮಾಲೀಕನೇ ಸ್ಕೂಟರ್ ಏರಿ ಬಂದು ನೋಡಿ, ನಿಂತಲ್ಲಿಯೇ ಸರಿಪಡಿಸಿಕೊಂಡು ಹೋಗುವನು.

ಈ ನೆರೆಹೊರೆಯ ಲಾಭ ಯಾವ ಆಸ್ತಿ ಹೊಣೆ ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಸರಪಳಿಯಿಂದ ಒಂದು ಕೊಂಡಿ ಕಳಚಿದಾಗ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. ಪ್ಲೇಟಿಂಗ್ ಘಟಕವೊಂದು ಊರಾಚೆಗೆ ಹೋದರೆ, ಉಳಿದ ಒಂಬತ್ತು ಘಟಕಗಳ ಸಾಗಣೆ ವೆಚ್ಚವೂ ಕಾಯುವ ದಿನಗಳೂ ಹೆಚ್ಚುತ್ತವೆ.

ಭೂಮಿ ನುಂಗಿದ ಲಾಭ

ಕೊಂಡಿಗಳು ಕಳಚುತ್ತಿರುವುದಕ್ಕೆ ಮುಖ್ಯ ಕಾರಣ ಭೂಮಿಯ ಬೆಲೆ. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದ್ದ ಸುಮಾರು 40 ಎಕರೆ ಜಾಗದಲ್ಲಿ ಬ್ರಿಗೇಡ್ ಗೇಟ್‌ವೇ ಸಂಕೀರ್ಣ ಎದ್ದಿತು. ಅಲ್ಲಿ 2010ರಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್, 2012ರಲ್ಲಿ ಒರಾಯನ್ ಮಾಲ್ ಆರಂಭವಾದವು. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ ಮೆಟ್ರೋ ಓಡತೊಡಗಿತು. ಮಾಲು, ಮೆಟ್ರೋ, 1997ರಲ್ಲಿ ಬೆಟ್ಟದ ಮೇಲೆ ತೆರೆದ ಇಸ್ಕಾನ್ ದೇವಾಲಯ ಎಲ್ಲವೂ ಸೇರಿ ಬಡಾವಣೆಗೆ ಹೊಸ ಮುಖ ಬಂದಿತು. ವರ್ತಕರಿಗೆ ಇದರಿಂದ ಅನುಕೂಲವಾಗಿದೆ. ಮುಖ್ಯರಸ್ತೆಗಳ ಜವಳಿ, ಆಭರಣ, ಹೋಟೆಲು ವ್ಯಾಪಾರ ವೃದ್ಧಿಸಿದೆ. ಸಣ್ಣ ಉತ್ಪಾದಕನ ಲೆಕ್ಕ ಮಾತ್ರ ತಿರುಗುಮುರುಗಾಗಿದೆ.

ಉದಾಹರಣೆಗೆ, ಸ್ವಂತ ಶೆಡ್ಡಿನಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಒಬ್ಬ ಮಾಲೀಕನ ಲೆಕ್ಕಪತ್ರ ವರ್ಷಕ್ಕೆ 9 ಲಕ್ಷ ರೂಪಾಯಿ ಲಾಭ ತೋರಿಸುತ್ತದೆ ಎಂದಿಟ್ಟುಕೊಳ್ಳೋಣ. ಅದೇ ಶೆಡ್ಡನ್ನು ಗೋದಾಮಿಗೆ ಕೊಟ್ಟರೆ ತಿಂಗಳಿಗೆ 50 ಸಾವಿರ, ಅಂದರೆ ವರ್ಷಕ್ಕೆ 6 ಲಕ್ಷ ಬಾಡಿಗೆ ಬರುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಮಾಲೀಕನ ಜಾಗದಲ್ಲಿ ಒಬ್ಬ ಮೇಲ್ವಿಚಾರಕನನ್ನು ನೇಮಿಸಿದರೆ ತಿಂಗಳಿಗೆ 40 ಸಾವಿರದಂತೆ ವರ್ಷಕ್ಕೆ 4 ಲಕ್ಷ 80 ಸಾವಿರ ಸಂಬಳವಾಗುತ್ತದೆ. ಎರಡೂ ಸೇರಿ 10 ಲಕ್ಷ 80 ಸಾವಿರ. ಎಂದರೆ 9 ಲಕ್ಷ ಲಾಭವೆಂದು ತೋರಿದ್ದು ವಾಸ್ತವದಲ್ಲಿ 1 ಲಕ್ಷ 80 ಸಾವಿರದ ನಷ್ಟ. ಭೂಮಿಯು ಹಳೆಯ ಖರೀದಿ ಬೆಲೆಯಲ್ಲಿಯೇ ಪುಸ್ತಕದಲ್ಲಿ ಕುಳಿತಿರುವುದರಿಂದ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ. ತಂದೆಗೆ ಕಾಣದ ಈ ಲೆಕ್ಕ ಮಗನಿಗೆ ಬೇಗ ಕಾಣುತ್ತದೆ. ಓದಿ ಬೇರೆ ಉದ್ಯೋಗ ಹಿಡಿದ ಮಕ್ಕಳು ಶೆಡ್ಡಿನ ಬೀಗ ತೆಗೆಯಲು ಮನಸ್ಸು ಮಾಡದಿರುವುದಕ್ಕೆ ಕಸುಬಿನ ಮೇಲಿನ ತಾತ್ಸಾರವೊಂದೇ ಕಾರಣವಲ್ಲ.

ಇದರ ಮೇಲೆ ಕಾಲಕಾಲದ ಹೊಡೆತಗಳೂ ಬಿದ್ದವು. 2016ರ ನವೆಂಬರಿನ ನೋಟು ರದ್ದತಿಯಿಂದ ನಗದಿನಲ್ಲಿ ನಡೆಯುತ್ತಿದ್ದ ಕೂಲಿ ಕೆಲಸಗಳು ಸ್ಥಗಿತಗೊಂಡವು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಯಾದಾಗ, ಅಬಕಾರಿ ಸುಂಕದ ವಿನಾಯಿತಿಯಲ್ಲಿದ್ದ ಅನೇಕ ಘಟಕಗಳು ಮೊದಲ ಬಾರಿಗೆ ನೋಂದಣಿ, ರಿಟರ್ನುಗಳ ಶಿಸ್ತಿಗೆ ಒಳಪಟ್ಟವು. 2020ರ ಲಾಕ್‌ಡೌನಿನಲ್ಲಿ ಊರಿಗೆ ಹೋದ ಕಾರ್ಮಿಕರಲ್ಲಿ ಎಲ್ಲರೂ ಮರಳಲಿಲ್ಲ.

ಉಳಿಯುವುದೋ, ಹೋಗುವುದೋ

ಇಂತಹ ಸನ್ನಿವೇಶದಲ್ಲಿ ಮಾಲೀಕನ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು, ಇಲ್ಲಿಯೇ ಉಳಿದು ಹೆಚ್ಚು ಮೌಲ್ಯದ ಕೆಲಸಕ್ಕೆ ಏರುವುದು. ತೂಕದ ಲೆಕ್ಕದಲ್ಲಿ ಕೂಲಿ ದೊರೆಯುವ ಕೆಲಸ ದುಬಾರಿ ನೆಲದ ಮೇಲೆ ನಿಲ್ಲಲಾರದು. ನಿಖರತೆಯ ಕೆಲಸ, ಮಾದರಿ ತಯಾರಿಕೆ, ತುರ್ತು ದುರಸ್ತಿ ನಿಲ್ಲಬಲ್ಲವು. ಹೀಗೆ ಉಳಿಯುವವರಿಗೆ ಹಣ ಸಕಾಲದಲ್ಲಿ ಕೈಸೇರುವುದು ಅಗತ್ಯ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನಗಳ ಗಡುವು ವಿಧಿಸಿದೆ. ಆ ಗಡುವು ಮೀರಿ ಬಾಕಿ ಉಳಿಸಿಕೊಂಡ ಖರೀದಿದಾರನಿಗೆ, ಹಣ ಪಾವತಿಸಿದ ವರ್ಷದಲ್ಲಿ ಮಾತ್ರ ಆ ವೆಚ್ಚವನ್ನು ಆದಾಯದಿಂದ ಕಳೆಯಲು ಅವಕಾಶವೆಂಬ ನಿಯಮ 2024ರ ಏಪ್ರಿಲ್ 1ರಿಂದ ಬಂದಿದೆ. ಅತಿಸಣ್ಣ ಮತ್ತು ಸಣ್ಣ ಉತ್ಪಾದಕರಿಗೆ, ಸೇವಾ ಘಟಕಗಳಿಗೆ ದೊರೆತ ಈ ರಕ್ಷಣೆ ಉದ್ಯಮ್ ನೋಂದಣಿ ಇಲ್ಲದವರಿಗೆ ದಕ್ಕುವುದಿಲ್ಲ. ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆ ಮುದ್ರಿಸುವುದು ಖರ್ಚಿಲ್ಲದ ಎಚ್ಚರಿಕೆ.

ಎರಡನೆಯದು, ಸಿದ್ಧತೆಯೊಂದಿಗೆ ಸ್ಥಳಾಂತರ. ನಗರ ಪ್ರದೇಶದಿಂದ ಕೈಗಾರಿಕೆಯನ್ನು ಹೊರಗೆ ಒಯ್ಯುವವರಿಗೆ 1961ರ ಆದಾಯ ತೆರಿಗೆ ಕಾಯ್ದೆಯ 54ಜಿ ಪ್ರಕರಣವು ಬಂಡವಾಳ ಲಾಭದ ಮೇಲೆ ರಿಯಾಯಿತಿ ಕಲ್ಪಿಸಿತು. ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಮೂರು ವರ್ಷಗಳೊಳಗೆ ಹೊಸ ಸ್ಥಳದಲ್ಲಿ ಭೂಮಿ, ಕಟ್ಟಡ, ಯಂತ್ರಗಳಿಗೆ ಹಣ ತೊಡಗಿಸಬೇಕೆಂಬುದು ಅದರ ಮುಖ್ಯ ಷರತ್ತು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ, ಆಯಾ ವರ್ಷಕ್ಕೆ ಹೊಂದುವ ಪ್ರಕರಣವನ್ನು ನೋಡಿಕೊಂಡೇ ಕ್ರಯಪತ್ರಕ್ಕೆ ಸಹಿ ಹಾಕುವುದು ಒಳಿತು. ಅನೇಕರು ಮೊದಲು ಮಾರಿ, ಆಮೇಲೆ ಸಲಹೆ ಕೇಳುತ್ತಾರೆ. ಅಷ್ಟರಲ್ಲಿ ಗಡುವು ಅರ್ಧ ಕಳೆದಿರುತ್ತದೆ.

ಮೂರನೆಯದು, ಯಂತ್ರಗಳನ್ನು ಮಾರಿ ಶೆಡ್ಡನ್ನು ಬಾಡಿಗೆಗೆ ಕೊಡುವುದು. ಲೆಕ್ಕದ ದೃಷ್ಟಿಯಿಂದ ಇದು ಅತ್ಯಂತ ಸುಲಭ. ಆದರೆ ಯಂತ್ರದೊಂದಿಗೆ ಮೂವತ್ತು ವರ್ಷ ದುಡಿದ ಟರ್ನರನ ಕೈಗುಣ ಗುಜರಿಯವನ ತಕ್ಕಡಿಯಲ್ಲಿ ತೂಗುವುದಿಲ್ಲ. ಅವನ ಬಳಿ ಕಲಿಯಬೇಕಾಗಿದ್ದ ಐ.ಟಿ.ಐ. ಹುಡುಗನ ನಷ್ಟವನ್ನೂ ಯಾವ ಬ್ಯಾಲೆನ್ಸ್ ಶೀಟೂ ದಾಖಲಿಸುವುದಿಲ್ಲ.

ಈ ಮೂರರಲ್ಲಿ ಯಾವುದನ್ನು ಆಯ್ದರೂ ತಪ್ಪಿಲ್ಲ. ಲೆಕ್ಕ ಹಾಕದೆ, ನಾಳೆ ನೋಡೋಣವೆಂದು ವರ್ಷಗಳನ್ನು ದೂಡಿ, ಕಡೆಗೆ ಸಾಲಗಾರನೋ ಕಾಯಿಲೆಯೋ ನಿರ್ಧರಿಸುವಂತೆ ಬಿಡುವುದು ಮಾತ್ರ ತಪ್ಪು. ಮಾಲೀಕನು ತನ್ನ ಜಾಗಕ್ಕೆ ತಾನೇ ಬಾಡಿಗೆ, ತನ್ನ ದುಡಿಮೆಗೆ ತಾನೇ ಸಂಬಳ ಬರೆದು ವರ್ಷಕ್ಕೊಮ್ಮೆಯಾದರೂ ನಿಜವಾದ ಲಾಭವನ್ನು ಕಂಡುಕೊಳ್ಳಬೇಕು. ಒಂದೇ ಸರಪಳಿಯ ಘಟಕಗಳು ಒಟ್ಟಿಗೆ ಕುಳಿತು ಯೋಚಿಸಿದರೆ, ಹೋಗುವುದಾದರೂ ಒಟ್ಟಿಗೆ ಒಂದೇ ಕಡೆ ಹೋಗಬಹುದು. ನೆರೆಹೊರೆಯ ಲಾಭವನ್ನು ಜೊತೆಯಲ್ಲಿ ಒಯ್ಯುವ ದಾರಿ ಅದೊಂದೇ.

ಕಾರ್ಖಾನೆಗೂ ಕಾರ್ಮಿಕನಿಗೂ ಒಂದೇ ಊರಿನಲ್ಲಿ ನೆಲೆ ಕೊಡಬೇಕೆಂದು 1949ರ ಆಡಳಿತ ಯೋಚಿಸಿತು. ಆ ಯೋಚನೆ ಅರವತ್ತು ಎಪ್ಪತ್ತು ವರ್ಷ ಫಲ ಕೊಟ್ಟಿದೆ. ರಾಜಾಜಿನಗರದ ಒಳರಸ್ತೆಗಳಲ್ಲಿ ಇಂದಿಗೂ ಬೆಳಗ್ಗೆ ಒಂಬತ್ತಕ್ಕೆ ಷಟರುಗಳು ಏಳುತ್ತವೆ, ಕಟ್ಟಿಂಗ್ ಆಯಿಲಿನ ವಾಸನೆ ಬೀದಿಗೆ ಬರುತ್ತದೆ. ಆ ಷಟರುಗಳಲ್ಲಿ ಎಷ್ಟು ಮುಂದಿನ ತಲೆಮಾರಿಗೂ ಏಳುತ್ತವೆ ಎಂಬುದು ಅವುಗಳ ಒಳಗಿರುವವರು ಈಗ ಹಾಕುವ ಲೆಕ್ಕದ ಮೇಲೆ ನಿಂತಿದೆ.