ಗಾಲಿ ಬದಲಾದಾಗ

ವೇದಾವತಿ ನದಿಯ ದಂಡೆಯಲ್ಲಿರುವ ಹಿರಿಯೂರು ದಾರಿಗಳು ಕೂಡುವ ಊರು. ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ 48ನೆಯ ರಾಷ್ಟ್ರೀಯ ಹೆದ್ದಾರಿಯೂ ಬಳ್ಳಾರಿಯ ಕಡೆಯಿಂದ ಬಂದು ಚಾಮರಾಜನಗರದತ್ತ ಇಳಿಯುವ 150ಎ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ಹೆದ್ದಾರಿಯನ್ನು ಬಿಟ್ಟು ಹೊಲದ ದಾರಿ ಹಿಡಿದರೆ ನೆಲದ ಗುಣವೇ ಬೇರೆಯಾಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುವ ಎರೆಭೂಮಿ ಒಂದು ಹದ ಮಳೆ ಬಿದ್ದೊಡನೆ ಅಂಟಿನಂತಾಗಿ ಗಾಲಿಗಳನ್ನು ಹಿಡಿದು ನಿಲ್ಲಿಸುತ್ತದೆ. ಜಿಲ್ಲೆಯ ಗುಡ್ಡಗಳ ಮೇಲೆ ನಿಂತ ಗಾಳಿಯಂತ್ರಗಳ ಬಳಿಗೆ ಏರುವ ದಾರಿಗಳೋ ಕಲ್ಲುಮಯ. ಇಂತಹ ನೆಲದಲ್ಲಿ, ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಒದಗುವ ಜೀಪು, ವ್ಯಾನುಗಳು ತುಂಬ ಉಪಯುಕ್ತ. ಅಂತಹ ವಾಹನದ ಒಡೆಯನಿಗೆ ಇನ್ನೂ ಅಗಲವಾದ, ಇನ್ನೂ ಎತ್ತರವಾದ ಗಾಲಿಗಳನ್ನು ಹಾಕಿಸುವ ಆಸೆ ಹುಟ್ಟುವುದು ಸಹಜ. ಆದರೆ ಒಂದು ವಾಹನದ ಗಾಲಿ ಮತ್ತೊಂದಕ್ಕೆ ಹೊಂದುವುದೇ? ಹೊಂದದಿದ್ದರೆ ಹೊಂದಿಸುವ ಉಪಾಯವುಂಟೆ?

ಎತ್ತಿನ ಬಂಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಸರಳವಾಗಿತ್ತು. ಗಾಲಿಯ ನಡುವಿನ ಗುಂಬವು ಅಚ್ಚಿನ ಮೇಲೆ ಸುತ್ತುತ್ತಿತ್ತು; ಗಾಲಿ ಕಳಚಿ ಹೋಗದಂತೆ ಅಚ್ಚಿನ ತುದಿಯಲ್ಲಿ ಒಂದು ಕಡೆಗೀಲು ಇರುತ್ತಿತ್ತು. ಗುಂಬದ ತೂತು ಅಚ್ಚಿಗೆ ಸರಿಹೊಂದಿದರೆ ಗಾಲಿ ಕೂತಿತೆಂದೇ ಅರ್ಥ. ಮೋಟಾರು ವಾಹನದಲ್ಲಿ ಗುಂಬ ಬೇರೆ, ಗಾಲಿ ಬೇರೆ. ಗರಾಜಿನವರು ಹಬ್ ಎಂದು ಕರೆಯುವ ಗುಂಬವು ವಾಹನದಲ್ಲಿಯೇ ಉಳಿಯುತ್ತದೆ. ಅದರ ಮುಖಕ್ಕೆ ಗಾಲಿಯನ್ನು ಒತ್ತಿ ನಾಲ್ಕೈದು ನಟ್ಟುಗಳಿಂದ ಬಿಗಿಯುತ್ತಾರೆ. ಒಂದು ಕಡೆಗೀಲಿನ ಹೊಣೆಯನ್ನು ಇಲ್ಲಿ ಹಲವು ನಟ್ಟುಗಳು ಹಂಚಿಕೊಂಡಿವೆ. ಆದ್ದರಿಂದ ಹೊಂದಿಕೆಯ ಅಳತೆಗಳೂ ಹಲವು.

ಮೊದಲನೆಯದು ಬೋಲ್ಟುಗಳ ಸಂಖ್ಯೆ ಮತ್ತು ಅವು ನಿಂತಿರುವ ವೃತ್ತದ ವ್ಯಾಸ. ಹಳೆಯ ಜೀಪುಗಳಲ್ಲಿ ಐದು ಬೋಲ್ಟುಗಳು ಐದೂವರೆ ಅಂಗುಲ, ಎಂದರೆ 139.7 ಮಿಲಿಮೀಟರು ವ್ಯಾಸದ ವೃತ್ತದಲ್ಲಿ ನಿಂತಿವೆ. 1985ರಲ್ಲಿ ಭಾರತದಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿಯೂ ಇದೇ ಅಳತೆ. ಅದೇ ವರ್ಷ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆ ಹೊರತಂದ ಸಿಂಕ್ರೊ ಎಂಬ ವ್ಯಾನಿನಲ್ಲಿ ನಾಲ್ಕು ಗಾಲಿಗಳಿಗೂ ಬಲ ಒದಗುತ್ತಿತ್ತು. ಅದರಲ್ಲಿಯೂ ಬೋಲ್ಟುಗಳು ಐದೇ, ಆದರೆ ವೃತ್ತದ ವ್ಯಾಸ 112 ಮಿಲಿಮೀಟರು. ಜೀಪಿನ ಗಾಲಿ ಆ ವ್ಯಾನಿನ ಗುಂಬಕ್ಕೆ ನೇರವಾಗಿ ಕೂರಲಾರದು.

ಎರಡನೆಯದು ಗಾಲಿಯ ನಡುತೂತು. ಗುಂಬದ ನಡುವಿನ ಉಬ್ಬು ಈ ತೂತಿನೊಳಗೆ ಸಡಿಲವಿಲ್ಲದೆ ಕೂತರೆ ಗಾಲಿಯ ಕೇಂದ್ರ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ತಪ್ಪಿದರೆ ವೇಗ ಹೆಚ್ಚಿದಂತೆ ವಾಹನ ನಡುಗತೊಡಗುತ್ತದೆ.

ಮೂರನೆಯದು ನಟ್ಟಿನ ತಿರುಪು ಮತ್ತು ಅದರ ತಳದ ಆಕಾರ. ಹಳೆಯ ಜೀಪಿನ ಬೋಲ್ಟು ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರು ದಪ್ಪ. ಜಿಪ್ಸಿಯದು 12 ಮಿಲಿಮೀಟರು. ಕಣ್ಣಿಗೆ ಎರಡೂ ಒಂದೇ. ಆದರೂ ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಹಿಡಿತ ದೊರೆಯದು. ನಟ್ಟಿನ ತಳ ಇಳಿಜಾರಾಗಿದ್ದು ಗಾಲಿಯ ತೂತಿನ ಅಂಚು ಚಪ್ಪಟೆಯಾಗಿದ್ದರೂ ಅಪಾಯವೇ.

ನಾಲ್ಕನೆಯದು ಕಣ್ಣಿಗೆ ಸುಲಭವಾಗಿ ಬೀಳದ ಅಳತೆ. ಗಾಲಿಯ ಅಗಲದ ನಡುಗೆರೆಗೂ ಅದು ಗುಂಬವನ್ನು ಮುಟ್ಟುವ ಮುಖಕ್ಕೂ ಇರುವ ಅಂತರಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಆ ಮುಖವು ನಡುಗೆರೆಯಿಂದ ಹೊರಕ್ಕೆ ಸರಿದಷ್ಟೂ ಗಾಲಿ ವಾಹನದ ಒಳಕ್ಕೆ ಸರಿಯುತ್ತದೆ. ಹಳೆಯ ಗಾಲಿಯಲ್ಲಿ ಮುಖವು ಹೀಗೆ 15 ಮಿಲಿಮೀಟರು ಹೊರಗಿದ್ದು ಹೊಸದರಲ್ಲಿ 40 ಮಿಲಿಮೀಟರು ಇದ್ದರೆ, ಹೊಸ ಗಾಲಿ 25 ಮಿಲಿಮೀಟರು ಒಳಗೆ ಕೂರುತ್ತದೆ. ಆಗ ಟೈರು ಸ್ಪ್ರಿಂಗಿಗೋ ಸ್ಟಿಯರಿಂಗಿನ ಕಂಬಿಗೋ ಉಜ್ಜಬಹುದು.

ಈ ಭೇದಗಳನ್ನು ಸರಿದೂಗಿಸುವ ಸಾಧನವೇ ಅಡಾಪ್ಟರ್. ಅದು ಗುಂಬಕ್ಕೂ ಗಾಲಿಗೂ ನಡುವೆ ಕೂರುವ ದಪ್ಪನೆಯ ಲೋಹದ ಬಿಲ್ಲೆ. ಅದರಲ್ಲಿ ಎರಡು ವೃತ್ತಗಳಿರುತ್ತವೆ. ಒಂದು ವೃತ್ತದ ತೂತುಗಳು ವಾಹನದ ಬೋಲ್ಟುಗಳಿಗೆ ಹೊಂದುತ್ತವೆ. ಇನ್ನೊಂದು ವೃತ್ತದಲ್ಲಿ ಹೊಸ ಗಾಲಿಗೆ ಬೇಕಾದ ಬೋಲ್ಟುಗಳು ಹೊರಚಾಚಿರುತ್ತವೆ. ಮೊದಲು ಬಿಲ್ಲೆಯನ್ನು ಗುಂಬಕ್ಕೆ, ಬಳಿಕ ಗಾಲಿಯನ್ನು ಬಿಲ್ಲೆಗೆ ಬಿಗಿಯುತ್ತಾರೆ. ಮೇಲಿನ ಉದಾಹರಣೆಯಲ್ಲಿ ಬಿಲ್ಲೆಯ ದಪ್ಪ 25 ಮಿಲಿಮೀಟರು ಇದ್ದರೆ ಗಾಲಿಯ ನಡುಗೆರೆ ಮತ್ತೆ ತನ್ನ ಮೊದಲಿನ ಸ್ಥಾನಕ್ಕೇ ಬರುತ್ತದೆ. ಅಡಾಪ್ಟರಿನ ಸರಿಯಾದ ಬಳಕೆ ಇದು.

ಆದರೆ ನೋಟದ ಚೆಲುವಿಗಾಗಿ ಗಾಲಿಗಳನ್ನು ಹೊರಕ್ಕೆ ಚಾಚಿಸಲು ಇದೇ ಬಿಲ್ಲೆಯನ್ನು ಬಳಸುವವರುಂಟು. ಅದರ ಫಲವೇನು? ಒಂದು ಗಾಲಿಯ ಮೇಲೆ 400 ಕಿಲೋಗ್ರಾಂ ಭಾರವಿದೆ ಎಂದುಕೊಳ್ಳೋಣ. ಆ ಗಾಲಿ 2.5 ಸೆಂಟಿಮೀಟರು ಹೊರಕ್ಕೆ ಸರಿದರೆ ಗುಂಬವನ್ನು ಬಗ್ಗಿಸುವ ಬಲದ ಪರಿಣಾಮ 1,000 ಕಿಲೋಗ್ರಾಂ-ಸೆಂಟಿಮೀಟರಿನಷ್ಟು ಹೆಚ್ಚುತ್ತದೆ. ಗಾಲಿ ಹಳ್ಳಕ್ಕೆ ಬಿದ್ದಾಗ ಅದು ಇನ್ನೂ ಅಧಿಕ. ಈ ಹೊರೆಯನ್ನು ಹೊರಬೇಕಾದದ್ದು ಗುಂಬದೊಳಗಿನ ಬೇರಿಂಗು. ಅದು ಬೇಗ ಸವೆಯುತ್ತದೆ; ಸ್ಟಿಯರಿಂಗ್ ಭಾರವಾಗುತ್ತದೆ.

ಗಾಲಿಯ ಜೋಡಣೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಾಹನದ ಭಾರವನ್ನು ಬೋಲ್ಟುಗಳು ಗೂಟದಂತೆ ಹೊರುತ್ತವೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಬಿಗಿದ ನಟ್ಟು ಬೋಲ್ಟನ್ನು ಅತ್ಯಲ್ಪವಾಗಿ ಎಳೆದು ನೀಳವಾಗಿಸುತ್ತದೆ. ಆ ಎಳೆತ ಗಾಲಿಯನ್ನು ಗುಂಬದ ಮುಖಕ್ಕೆ ಒತ್ತಿ ಹಿಡಿಯುತ್ತದೆ. ಎರಡು ಮುಖಗಳ ನಡುವಿನ ಘರ್ಷಣೆಯೇ ಬಹುಪಾಲು ಭಾರವನ್ನು ತಾಳುತ್ತದೆ. ನಟ್ಟು ಸಡಿಲಗೊಂಡರೆ ಘರ್ಷಣೆ ಕುಗ್ಗಿ, ಗಾಲಿಯ ಒಂದೊಂದು ಸುತ್ತಿಗೂ ಬೋಲ್ಟು ಒಮ್ಮೆ ಅತ್ತ, ಒಮ್ಮೆ ಇತ್ತ ಬಾಗುತ್ತದೆ. ಹೀಗೆ ಸಾವಿರಾರು ಬಾರಿ ಬಾಗಿದ ಉಕ್ಕು ದಣಿದು ಮುರಿಯುತ್ತದೆ. ಮುಖಗಳ ನಡುವೆ ತುಕ್ಕು, ಮಣ್ಣು, ಬಣ್ಣದ ಪದರ ಇರಬಾರದೆಂಬ ನಿಯಮಕ್ಕೆ ಇದೇ ಕಾರಣ.

ಅಡಾಪ್ಟರ್ ಹಾಕಿದೊಡನೆ ಒಂದು ಜೋಡಣೆ ಎರಡಾಗುತ್ತದೆ. ಹೊರಗಿನ ನಟ್ಟುಗಳು ಕಣ್ಣಿಗೆ ಕಾಣುತ್ತವೆ; ಬಿಲ್ಲೆಯನ್ನು ಹಿಡಿದ ಒಳಗಿನ ನಟ್ಟುಗಳು ಗಾಲಿಯ ಹಿಂದೆ ಅಡಗಿರುತ್ತವೆ. ಗಾಲಿಯನ್ನು ಕಳಚದೆ ಅವುಗಳ ಬಿಗಿತವನ್ನು ತಿಳಿಯಲಾಗದು. ಆದುದರಿಂದ ತಯಾರಕರು ಹೇಳಿದ ಬಿಗಿತವನ್ನು ಟಾರ್ಕ್ ರೆಂಚ್ ಎಂಬ ಅಳತೆಯ ಸ್ಪ್ಯಾನರಿನಿಂದಲೇ ಕೊಡಬೇಕು. ನಟ್ಟುಗಳನ್ನು ಸಾಲಾಗಿ ಬಿಗಿಯದೆ, ಒಂದನ್ನು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ ಬಿಗಿಯಬೇಕು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗಿ ಬರುವಷ್ಟು, ಎಂದರೆ ಸುಮಾರು 80 ಕಿಲೋಮೀಟರು ಓಡಿದ ಮೇಲೆ ಗಾಲಿಯನ್ನು ಕಳಚಿ ಒಳಗಿನ ನಟ್ಟುಗಳನ್ನು ಮತ್ತೆ ಪರೀಕ್ಷಿಸಬೇಕು. ವಾಹನದ ಹಳೆಯ ಬೋಲ್ಟುಗಳು ಬಿಲ್ಲೆಯ ದಪ್ಪವನ್ನು ಮೀರಿ ಗಾಲಿಗೆ ತಾಗಿದರೆ ಗಾಲಿ ಸಮವಾಗಿ ಕೂರದು.

ನಾಲ್ಕು ಗಾಲಿಗಳಿಗೂ ಬಲ ಒದಗುವ ವಾಹನಗಳಿಗೆ ಮತ್ತೊಂದು ನಿಯಮವುಂಟು: ನಾಲ್ಕೂ ಗಾಲಿಗಳ ಸುತ್ತಳತೆ ಒಂದೇ ಆಗಿರಬೇಕು. ವ್ಯಾಸ 70 ಸೆಂಟಿಮೀಟರು ಇರುವ ಗಾಲಿ ಒಂದು ಸುತ್ತಿಗೆ 220 ಸೆಂಟಿಮೀಟರು ಸಾಗುತ್ತದೆ, 73.5 ಸೆಂಟಿಮೀಟರಿನ ಗಾಲಿ 231 ಸೆಂಟಿಮೀಟರು ಸಾಗುತ್ತದೆ. ಮುಂದೆ ಒಂದು ಬಗೆ, ಹಿಂದೆ ಒಂದು ಬಗೆ ಹಾಕಿದರೆ ಒಂದು ಕಿಲೋಮೀಟರಿಗೆ ಸುಮಾರು 22 ಸುತ್ತುಗಳ ವ್ಯತ್ಯಾಸ ಬರುತ್ತದೆ. ಜೀಪಿನಂತಹ ವಾಹನದಲ್ಲಿ ನಾಲ್ಕು ಗಾಲಿಗಳ ಬಲವನ್ನು ಕೂಡಿಸಿದಾಗ ಮುಂದಿನ, ಹಿಂದಿನ ದಂಡಗಳು ಒಂದೇ ವೇಗದಲ್ಲಿ ತಿರುಗಲೇಬೇಕಾಗುತ್ತದೆ. ಕೆಸರಿನಲ್ಲಿ ಗಾಲಿ ಜಾರಿ ಈ ವ್ಯತ್ಯಾಸ ಕಳೆಯುತ್ತದೆ. ಗಟ್ಟಿ ರಸ್ತೆಯಲ್ಲಿ ಕಳೆಯಲು ಎಡೆಯಿಲ್ಲದೆ ಹಲ್ಲುಗಾಲಿಗಳ ಮೇಲೆ ಬಿಗಿ ಏರುತ್ತದೆ. ನಾಲ್ಕನ್ನೂ ಒಟ್ಟಿಗೆ ದೊಡ್ಡದು ಮಾಡಿದರೆ ಈ ತೊಂದರೆಯಿಲ್ಲ. ಆದರೆ ಮೇಲಿನ ಲೆಕ್ಕದಂತೆ, ಮೊದಲಿನ ಗಾಲಿಗೆ ಸರಿಯಾಗಿದ್ದ ವೇಗಸೂಚಿ 60 ಕಿಲೋಮೀಟರು ತೋರಿಸುವಾಗ ವಾಹನ 63 ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ.

ಕಾನೂನು ಕೂಡ ಈ ವಿಷಯದಲ್ಲಿ ಉದಾಸೀನವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣವು ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದಕಾರಣ ಗಾಲಿಯ ಬದಲಾವಣೆಗೆ ಕೈಹಾಕುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ವಿವೇಕ.

ವಾಹನದಲ್ಲಿ ಕುಳಿತವರಿಗೆ ಒಳಗಿನ ನಟ್ಟು ಕಾಣುವುದಿಲ್ಲ; ಎದುರಿನಿಂದ ಬರುವ ದಾರಿಹೋಕನಿಗಂತೂ ಅದರ ಸುಳಿವೇ ಇಲ್ಲ. ಆದರೂ ಅವರೆಲ್ಲರ ಜೀವ ಅದರ ಬಿಗಿತವನ್ನು ನಂಬಿದೆ. ಆ ಬಿಗಿತವನ್ನು ಅಳೆದು ನೋಡುವ ಹೊಣೆ ಗಾಲಿಯನ್ನು ಬದಲಿಸಿದವನದು.