ಬೆಸುಗೆಯ ಸಲಕರಣೆಯೂ ಎಣ್ಣೆಗೈಯೂ
ಹೋಟೆಲಿನ ಅಡಿಗೆಮನೆಗೂ ಬೆಸುಗೆಗಾರನ ಕಸುಬಿಗೂ ಏನು ನಂಟೆಂದು ವಾಚಕರು ಕೇಳಬಹುದು. ದೋಸೆಕಲ್ಲಿನ ಕಬ್ಬಿಣದ ಕಾಲು ಮುರಿದಾಗ, ನೀರಿನ ತೊಟ್ಟಿ ಸೋರತೊಡಗಿದಾಗ, ಎರಡು ಸಿಲಿಂಡರುಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬರುವವನು ಅವನೇ ತಾನೆ? ಗಿರಾಕಿಗಳ ಸಂದಣಿ ಕರಗಿದ ಮಧ್ಯಾಹ್ನದ ಹೊತ್ತಿನಲ್ಲಿ ಅವನು ಕೆಲಸಕ್ಕಿಳಿಯುತ್ತಲೇ ನಮ್ಮ ಹುಡುಗರು ಸಹಜವಾದ ಸೌಜನ್ಯದಿಂದ ನೆರವಿಗೆ ಕೈ ನೀಡುತ್ತಾರೆ. ಆ ಕೈಗಳಲ್ಲಿ ಎಣ್ಣೆಯಿರುತ್ತದೆ. ಈ ವಿಷಯವನ್ನು ನಾವಿಂದು ಎತ್ತಿಕೊಂಡುದಕ್ಕೆ ಅದೇ ಕಾರಣ.

ಕಪ್ಪು ಬಣ್ಣದ ಸಿಲಿಂಡರಿನಲ್ಲಿರುವುದು ಆಮ್ಲಜನಕ. ಕೆಂಗಂದು ಬಣ್ಣದ್ದರಲ್ಲಿ ಅಸಿಟಿಲೀನ್ ಅನಿಲ. ಆಮ್ಲಜನಕವು ತಾನಾಗಿ ಉರಿಯದು. ಉರಿಯುವ ವಸ್ತುವನ್ನು ಮಾತ್ರ ಉನ್ಮತ್ತಗೊಳಿಸುತ್ತದೆ. ಒತ್ತಡದಿಂದ ನುಗ್ಗುವ ಆ ಅನಿಲಕ್ಕೆ ಎಣ್ಣೆ, ತುಪ್ಪ ಅಥವಾ ಗ್ರೀಸು ತಗುಲಿದರೆ ಬೆಂಕಿ ತೋರಿಸದೆಯೇ ಹೊತ್ತಿ ಸಿಡಿಯಬಹುದು. ಬಾಗಿಲ ತಿರುಗಣಿ ಕಿರುಗುಟ್ಟಿದರೆ ಎರಡು ಹನಿ ಎಣ್ಣೆ ಬಿಡುವುದು ಮನೆಮನೆಯ ರೂಢಿ. ಸಿಲಿಂಡರಿನ ತಿರುಪು ಬಿಗಿಯಾಯಿತೆಂದು ಅದೇ ಉಪಚಾರಕ್ಕೆ ಹೊರಟರೆ ಪ್ರಾಣಕ್ಕೇ ಸಂಚಕಾರ. ಅಡಿಗೆಮನೆಯ ಮಸಿಬಟ್ಟೆಯಿಂದ ಅದನ್ನು ಒರೆಸುವುದೂ ಅಷ್ಟೇ ಅಪಾಯಕರ.

ಇನ್ನು ಜ್ವಾಲೆ ಹೊರಡುವ ನಾಜಲ್. ಅದರ ಮುಂದೆ ಶಾಖವು ಸುಮಾರು 3,100 ಡಿಗ್ರಿ ಸೆಂಟಿಗ್ರೇಡಿನಷ್ಟಿರುತ್ತದೆ. ಕರಗಿದ ಲೋಹದ ಕಣಗಳು ಸಿಡಿದು ಅದರ ಸಣ್ಣ ರಂಧ್ರಕ್ಕೆ ಅಂಟಿದಾಗ ಜ್ವಾಲೆ ಓರೆಯಾಗುತ್ತದೆ, ಕವಲೊಡೆಯುತ್ತದೆ, ಪಟಪಟನೆ ಸದ್ದು ಮಾಡುತ್ತದೆ. ಬಲ್ಲ ಕುಶಲಕರ್ಮಿಯು ಆಗಲೇ ಅನಿಲ ನಿಲ್ಲಿಸಿ, ನಾಜಲ್ ಆರಿದ ಮೇಲೆ, ರಂಧ್ರಕ್ಕಿಂತ ತುಸು ತೆಳುವಾದ ತಂತಿಯನ್ನು ನೇರವಾಗಿ ಒಳಹೊಗಿಸಿ ಹೊರಗೆಳೆಯುತ್ತಾನೆ. ಅವಸರದವನಾದರೋ ಕೈಗೆ ಸಿಕ್ಕ ಮೊಳೆಯನ್ನು ತುರುಕಿ ತಿರುವುತ್ತಾನೆ. ರಂಧ್ರ ಅಗಲವಾಗಿ ಸೊಟ್ಟಗಾಗುತ್ತದೆ. ಅಂಥ ನಾಜಲ್ ಮುಂದೆಂದೂ ಸರಿಯಾದ ಜ್ವಾಲೆಯನ್ನು ಕೊಡದು. ಬೆಂಕಿಯು ಹಿಮ್ಮುಖವಾಗಿ ರಬ್ಬರು ಕೊಳವೆಯೊಳಕ್ಕೆ ನುಗ್ಗುವ ಭೀತಿಯೂ ಉಂಟು. ಇದನ್ನು ತಡೆಯಲೆಂದೇ ಕೂಡಿಸುವ ಸಾಧನವೊಂದಿದೆ. ಅದನ್ನು ದುಂದೆಂದು ಬಿಟ್ಟವನ ಮಿತವ್ಯಯವನ್ನು ನಾವು ಮೆಚ್ಚಲಾರೆವು.

ಅಸಿಟಿಲೀನಿನ ಕೊಳವೆ ಕೆಂಪು. ಅದರ ಜೋಡಣೆಯ ನಟ್ಟು ಎಡಕ್ಕೆ ತಿರುಗಿಸಿದರೆ ಬಿಗಿಯುವಂಥದು. ಅದಲುಬದಲಾಗದಿರಲೆಂದೇ ಈ ಏರ್ಪಾಟು. ಬಿರಿದ ಕೊಳವೆಗೆ ಪಟ್ಟಿ ಸುತ್ತುವುದು ಸಲ್ಲದು. ತಾಮ್ರದ ನಳಿಗೆ ಸೇರಿಸಿ ಜೋಡಿಸುವುದಂತೂ ಇನ್ನೂ ಕೇಡು, ಏಕೆಂದರೆ ತಾಮ್ರವೂ ಅಸಿಟಿಲೀನೂ ಕೂಡಿ ತಟ್ಟನೆ ಸಿಡಿಯುವ ಸಂಯುಕ್ತವಾಗುತ್ತದೆ. ಸಿಲಿಂಡರಿನೊಳಗೆ ಈ ಅನಿಲವನ್ನು ಅಸಿಟೋನ್ ದ್ರವದಲ್ಲಿ ಕರಗಿಸಿಟ್ಟಿರುವುದರಿಂದ ಅದನ್ನು ನಿಲ್ಲಿಸಿಯೇ ಬಳಸಬೇಕು. ಮಲಗಿಸಿದರೆ ದ್ರವವೇ ಹೊರಬಂದೀತು. ಸೋರಿಕೆಯ ಪರೀಕ್ಷೆಗೆ ಸಾಬೂನು ನೀರು ಸಾಕು, ಗುಳ್ಳೆಯೆದ್ದಲ್ಲಿ ಸೋರಿಕೆ. ಅಡಿಗೆಯ ಗ್ಯಾಸಿಗೂ ಇದೇ ಪರೀಕ್ಷೆ. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆಂಬುದು ವಿಷಾದಕರ.

ಬೆಸುಗೆಗಾರನು ಬರುವ ದಿನ ಅಡಿಗೆಯ ಗ್ಯಾಸಿನ ಸಿಲಿಂಡರುಗಳನ್ನು ದೂರಕ್ಕೆ ಸಾಗಿಸಿ, ಎಣ್ಣೆಯ ಡಬ್ಬಗಳನ್ನೂ ಗೋಣಿಚೀಲಗಳನ್ನೂ ತೆಗೆಸಿ, ನೆರವಿಗೆ ನಿಲ್ಲುವ ಹುಡುಗನು ಕೈಯನ್ನು ಸಾಬೂನಿನಿಂದ ತೊಳೆದು ಒಣಗಿಸಿಕೊಂಡಿದ್ದಾನೆಯೇ ಎಂದು ಮೇಲ್ವಿಚಾರಕರು ನೋಡಿಕೊಳ್ಳಬೇಕು. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಒಬ್ಬರು ಅಲ್ಲೇ ಕಾವಲಿರಲಿ. ಮೂಲೆಗೆ ಹಾರಿದ ಕಿಡಿ ತಡವಾಗಿ ಹೊತ್ತಿಕೊಳ್ಳುವುದುಂಟು.