ಕಾನ್ಸರ್ಟ್ ಮುಗೀತು, ಕಿವಿಯೊಳಗಿನ ಶಿಳ್ಳೆ ಮುಗೀಲಿಲ್ಲ

ಹೋದ ಎಪಿಸೋಡ್ ಕೊನೇಲಿ ನಿಮಗೊಂದು ಪ್ರಶ್ನೆ ಕೇಳಿದ್ದೆ. ನೀವು ಹೋದ ಲೈವ್ ಕಾನ್ಸರ್ಟ್‌ನಲ್ಲಿ ಇವತ್ತಿಗೂ ನೆನಪಿರೋದು ಏನು? 40ಕ್ಕೂ ಹೆಚ್ಚು ವಾಯ್ಸ್ ನೋಟ್ ಬಂದಿವೆ. ಎಲ್ಲಾನೂ ಕೇಳಿದೆ. ಕೆಲವನ್ನ ಎರಡೆರಡು ಸಲ ಕೇಳಿದೆ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಒಬ್ಬರು 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ನಡೆದ ಐರನ್ ಮೇಡನ್ ಶೋಗೆ ಮನೇಲಿ ಟ್ಯೂಷನ್ ಅಂತ ಸುಳ್ಳು ಹೇಳಿ ಹೋಗಿದ್ರಂತೆ. ಇನ್ನೊಬ್ಬರು ಅದೇ ಮೈದಾನದಲ್ಲಿ 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ನೋಡಿದವರು. ಅದು ಭಾನುವಾರ. ಸೋಮವಾರ ಆಫೀಸಲ್ಲಿ ಮ್ಯಾನೇಜರ್ ಹೇಳಿದ್ದು ಒಂದಕ್ಷರ ಕೇಳಿಸಲಿಲ್ಲ, ಮಂಗಳವಾರ ರಾಜ್ಯೋತ್ಸವದ ರಜೆ ಇದ್ದಿದ್ದಕ್ಕೆ ಬಚಾವಾದೆ ಅಂತ ನಕ್ಕರು. ಹೋದ ವರ್ಷ ಮೈಸೂರಲ್ಲಿ ದಸರಾ ಟೈಮಲ್ಲಿ ಸ್ಟೇಜ್ ಮುಂದೇನೇ ಕುಣಿದ ಹುಡುಗಿಯೊಬ್ಬಳು, "ಬಾಸ್ ಬೀಟ್ ಎದೆಯೊಳಗೆ ಹೊಡೀತಿತ್ತು, ನನ್ನ ಹಾರ್ಟ್ ಯಾವುದು ಡ್ರಮ್ ಯಾವುದು ಗೊತ್ತಾಗ್ಲಿಲ್ಲ" ಅಂದಳು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗೆ ಅಜ್ಜಿ ಜೊತೆ ಹೋಗೋರೊಬ್ಬರು ಮಾತ್ರ ಬೇರೆ ಥರ. ಅವರ ಅಜ್ಜಿ ಪ್ರತಿ ಸಲ ಮೊದಲು ಸ್ಪೀಕರ್ ಎಲ್ಲಿದೆ ಅಂತ ನೋಡಿ, ಅದರಿಂದ ದೂರದ ಕುರ್ಚಿ ಹುಡುಕ್ತಾರಂತೆ. ಆ ಅಜ್ಜಿ ಮುಂದೆ ಮತ್ತೆ ಬರ್ತಾರೆ, ನೆನಪಿಟ್ಕೊಳ್ಳಿ.

ನಾನು ಎರಡೆರಡು ಸಲ ಕೇಳಿದ್ದು ಯಾವುದನ್ನ ಅಂದ್ರೆ, 11 ವಾಯ್ಸ್ ನೋಟ್‌ಗಳಲ್ಲಿ ಒಂದೇ ಮಾತು ಬರುತ್ತೆ: "ಮರುದಿನ ಪೂರ್ತಿ ಕಿವಿ ಗುಂಯ್ ಅಂತಿತ್ತು ಗುರೂ." ಅದನ್ನ ಎಲ್ಲರೂ ಹೇಳೋದು ಹೆಮ್ಮೆಯಿಂದ, ಮ್ಯಾರಥಾನ್ ಓಡಿ ಕಾಲು ನೋವು ಅಂದ ಹಾಗೆ. ನಾನೂ ಹಾಗೇ ಹೇಳ್ತಿದ್ದೆ.

ಹೋದ ಡಿಸೆಂಬರ್‌ನಲ್ಲಿ ಒಂದು ಶೋಗೆ ಹೋಗಿದ್ದೆ. ಯಾರದ್ದು, ಎಲ್ಲಿ ಅಂತ ಹೇಳಲ್ಲ, ಬೇಕಾಗೂ ಇಲ್ಲ. ಫ್ಯಾನ್ ಪಿಟ್ ಟಿಕೆಟ್. ಜನ ತಳ್ಳಿ ತಳ್ಳಿ ನಾನು ನಿಂತಿದ್ದು ಬ್ಯಾರಿಕೇಡ್ ಪಕ್ಕ, ಎಡಗಡೆ ಸ್ಪೀಕರ್ ಗೋಡೆಗೆ ನಾಲ್ಕು ಹೆಜ್ಜೆ ದೂರದಲ್ಲಿ. ಎರಡೂವರೆ ಗಂಟೆ. ಜೀವನದ ಬೆಸ್ಟ್ ರಾತ್ರಿಗಳಲ್ಲಿ ಅದೂ ಒಂದು, ಅದನ್ನ ಇವತ್ತೂ ಅಲ್ಲಗಳೆಯಲ್ಲ. ಮರುದಿನ ಎರಡೂ ಕಿವಿ ಗುಂಯ್. ಮೂರನೇ ದಿನ ಬಲಗಿವಿ ಸರಿಹೋಯ್ತು. ಎಡಗಿವಿಯಲ್ಲಿ ಒಂದು ಸಣ್ಣ ಶಿಳ್ಳೆ ಉಳೀತು. ಪ್ರೆಷರ್ ಕುಕ್ಕರ್ ಕೂಗೋಕೆ ಮುಂಚೆ ಸ್ಸ್ಸ್ ಅನ್ನುತ್ತಲ್ಲ, ಆ ಥರ.

ಹದಿನೈದು ದಿನ ಆದ್ಮೇಲೆ ಒಬ್ಬ ಕೇಳುಗ ಮೆಸೇಜ್ ಮಾಡಿದ. "ಬ್ರೋ, ಈ ಎಪಿಸೋಡಲ್ಲಿ ಎಡಗಡೆ ಸೌಂಡ್ ಜಾಸ್ತಿ ಇದೆ." ಪ್ರಾಜೆಕ್ಟ್ ಫೈಲ್ ತೆಗೆದು ನೋಡಿದೆ. ಹೌದು, ಎಡ ಚಾನೆಲ್ ಅನ್ನ ನಾನೇ ಏರಿಸಿದ್ದೆ. ಎರಡೂ ಕಡೆ ಸಮ ಕೇಳಿಸೋ ತನಕ ಏರಿಸ್ತಾ ಹೋಗಿದ್ದೆ, ನನ್ನ ಕಿವಿಗೆ ಸಮ ಕೇಳಿಸೋ ತನಕ. ಅವತ್ತು ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು. ಕಿವಿ ನಂಬಿಕೊಂಡು ಊಟ ಮಾಡೋ ಕೆಲಸ ನನ್ನದು.

ಇಎನ್‌ಟಿ ಹತ್ರ ಹೋದೆ. ಆಡಿಯೋಗ್ರಾಮ್ ಅಂತ ಒಂದು ಟೆಸ್ಟ್ ಇದೆ. ಸೌಂಡ್ ಬೂತ್‌ನಲ್ಲಿ ಕೂರಿಸಿ ಬೀಪ್ ಕೇಳಿಸ್ತಾರೆ, ಕೇಳಿಸಿದಾಗ ಬಟನ್ ಒತ್ತಬೇಕು. ನನ್ನ ಎಡಗಿವಿಯ ಗ್ರಾಫ್ ನೆಟ್ಟಗೆ ಬಂದು, 4,000 ಹರ್ಟ್ಜ್ ಹತ್ರ ಒಂದು ಗುಂಡಿ ಬಿದ್ದು, ಮತ್ತೆ ಮೇಲೆ ಬರುತ್ತೆ. ಜೋರು ಸದ್ದಿನಿಂದ ಆದ ಪೆಟ್ಟಿಗೆ ಇದು ಸಾಮಾನ್ಯ ಗುರುತಂತೆ.

ಒಳಗೆ ಆಗಿರೋದು ಇಷ್ಟು. ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನ ಆಕಾರದ ಕಾಕ್ಲಿಯ ಇದೆ. ಅದರಲ್ಲಿ ಕೂದಲಿನಂಥ ತುದಿಯಿರೋ ಜೀವಕೋಶಗಳು, ಒಂದು ಕಿವಿಗೆ ಸುಮಾರು 15,000. ಸದ್ದು ಬಂದಾಗ ಬತ್ತದ ಪೈರು ಗಾಳಿಗೆ ಬಾಗಿದ ಹಾಗೆ ಆ ತುದಿಗಳು ಬಾಗುತ್ತವೆ, ಆ ಬಾಗುವಿಕೆಯೇ ನರಕ್ಕೆ ಸಿಗ್ನಲ್. ಗಾಳಿ ಸ್ವಲ್ಪ ಜೋರಾದ್ರೆ ಪೈರು ಮಲಗಿ ಮತ್ತೆ ಏಳುತ್ತೆ. ನಿಮ್ಮ ಮರುದಿನದ ಗುಂಯ್ ಬಹುಪಾಲು ಅದೇ. ಬಿರುಗಾಳಿ ಆದ್ರೆ ಕೆಲವು ಏಳೋದೇ ಇಲ್ಲ. ಚರ್ಮ ಗಾಯ ಆದ್ರೆ ಮತ್ತೆ ಬೆಳೆಯುತ್ತೆ, ಮನುಷ್ಯರಲ್ಲಿ ಈ ಕೋಶಗಳು ಮತ್ತೆ ಹುಟ್ಟಲ್ಲ. ಹುಟ್ಟುವಾಗ ಸಿಕ್ಕ ಸ್ಟಾಕ್ ಅಷ್ಟೇ, ರೀಫಿಲ್ ಇಲ್ಲ.

ಈಗ ನನ್ನ ಬಿ.ಕಾಂ. ಕೆಲಸಕ್ಕೆ ಬರೋ ಜಾಗ. ಡೆಸಿಬೆಲ್ ಅನ್ನೋದು ಮಾಮೂಲಿ ಸಂಖ್ಯೆ ಥರ ನಡೆಯಲ್ಲ, ಚಕ್ರಬಡ್ಡಿ ಥರ ನಡೆಯುತ್ತೆ. 3 ಡೆಸಿಬೆಲ್ ಹೆಚ್ಚಾದ್ರೆ ಶಬ್ದದ ಶಕ್ತಿ ದುಪ್ಪಟ್ಟು. ಹಾಗಾಗಿ ನೀವು ಸೇಫಾಗಿ ಇರಬಹುದಾದ ಟೈಮ್ ಅರ್ಧ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿರೋ ಲೆಕ್ಕದಲ್ಲಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. 88ಕ್ಕೆ 4 ಗಂಟೆ. 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ. 100 ಡೆಸಿಬೆಲ್‌ಗೆ ಬಂದ್ರೆ 15 ನಿಮಿಷ. ರಾಕ್ ಶೋ ಮುಂದಿನ ಸಾಲಲ್ಲಿ 100 ದಾಟೋದು ಅಪರೂಪ ಏನಲ್ಲ. ಅಂದ್ರೆ ದಿನದ ಬಜೆಟ್ಟನ್ನ ನಾನು ಮೂರನೇ ಹಾಡಿಗೇ ಮುಗಿಸಿದ್ದೆ. ಉಳಿದ ಎರಡು ಗಂಟೆಗೂ ಹೆಚ್ಚು ಹೊತ್ತು ಓವರ್‌ಡ್ರಾಫ್ಟ್.

ಅಜ್ಜಿ ಲಾಜಿಕ್ ಇಲ್ಲಿ ಬರುತ್ತೆ. ಬಯಲಲ್ಲಿ ಒಂದು ಸಣ್ಣ ಸ್ಪೀಕರ್‌ನಿಂದ ನಿಮ್ಮ ದೂರ ದುಪ್ಪಟ್ಟಾದ್ರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತೆ. 6 ಅಂದ್ರೆ ಎರಡು ಸಲ ಅರ್ಧ, ನಿಮ್ಮ ಟೈಮ್ ನಾಲ್ಕು ಪಟ್ಟು. ದೊಡ್ಡ ಶೋಗಳಲ್ಲಿ ಬಾಳೆಗೊನೆ ಥರ ನೇತುಹಾಕಿರ್ತಾರಲ್ಲ ಸ್ಪೀಕರ್ ಸಾಲು, ಅದರ ಸದ್ದು ಅಷ್ಟು ಬೇಗ ಇಳಿಯಲ್ಲ, ದೂರದವರಿಗೂ ತಲುಪಲಿ ಅಂತಾನೇ ಅದರ ಡಿಸೈನ್. ಆದ್ರೂ ಹಿಂದೆ ಹೋದಷ್ಟೂ ಲಾಭವೇ. ಇನ್ನೊಂದು ಲಾಭ, ಸೌಂಡ್ ಎಂಜಿನಿಯರ್ ಕೂರೋ ಟೆಂಟ್ ಮೈದಾನದ ಮಧ್ಯದಲ್ಲಿರುತ್ತೆ. ಆತ ಮಿಕ್ಸ್ ಮಾಡೋದು ಅಲ್ಲಿ ಕೇಳಿಸೋ ಸದ್ದನ್ನ ನಂಬಿ. ಅಂದ್ರೆ ಇಡೀ ಮೈದಾನದಲ್ಲಿ ಹಾಡು ಚೆನ್ನಾಗಿ ಕೇಳಿಸೋ ಜಾಗಗಳಲ್ಲಿ ಅದೊಂದು. ಜಾಸ್ತಿ ದುಡ್ಡು ಕೊಟ್ಟು ನಾವು ನಿಲ್ಲೋದು ಅಲ್ಲಲ್ಲ.

ಕಾನೂನು ಇಲ್ವಾ ಅಂತ ಕೇಳಬಹುದು. ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಲೌಡ್‌ಸ್ಪೀಕರ್ ಇಲ್ಲ ಅನ್ನೋದು ಅದರಿಂದಾನೇ. ನಿಮ್ಮ ಫೇವರಿಟ್ ಹಾಡಿನ ಮಧ್ಯೆ ಶೋ ನಿಂತಿದ್ರೆ ಬೈಬೇಕಾಗಿರೋದು ಹಾಡುಗಾರರನ್ನಲ್ಲ, ಗಡಿಯಾರನ್ನ. ಅದೇ ನಿಯಮದಲ್ಲಿ ಸದ್ದಿಗೂ ಮಿತಿ ಇದೆ, ಗರಿಷ್ಠ 75 ಡೆಸಿಬೆಲ್. ಆದ್ರೆ ಅದನ್ನ ಅಳೆಯೋದು ಜಾಗದ ಗಡಿಯಲ್ಲಿ, ಕಾಂಪೌಂಡ್ ಹತ್ರ. ಪಕ್ಕದ ಮನೆಯವರ ನಿದ್ದೆಗೋಸ್ಕರ ಬರೆದ ನಿಯಮ ಅದು. ಟಿಕೆಟ್ ತಗೊಂಡು ಒಳಗೆ ನಿಂತವರ ಕಿವಿ ಅದರ ಲೆಕ್ಕದಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಳಗಿನವರಿಗೋಸ್ಕರ ಒಂದು ಮಾನದಂಡ ಕೊಟ್ಟಿದೆ: 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು, ಸದ್ದನ್ನ ಶೋ ನಡೀವಾಗಲೇ ಅಳೀತಿರಬೇಕು, ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ರೆಸ್ಟ್ ಕೊಡೋಕೆ ಶಾಂತ ಜಾಗ ಇರಬೇಕು. ಅದು ಸಲಹೆ, ಕಡ್ಡಾಯ ಅಲ್ಲ. ನಾನು ಹೋದ ಶೋನಲ್ಲಿ ನೂಡಲ್ಸ್‌ಗೆ ಆರು ಸ್ಟಾಲ್ ಇತ್ತು, ಇಯರ್‌ಪ್ಲಗ್‌ಗೆ ಒಂದೂ ಇರಲಿಲ್ಲ.

ಇಯರ್‌ಪ್ಲಗ್ ಅಂದ ಕೂಡ್ಲೇ "ಹಾಡು ಕೇಳೋಕೆ ಹೋಗಿ ಕಿವಿ ಮುಚ್ಕೋಬೇಕಾ" ಅನ್ನೋ ಕಾಮಿಡಿ ಬರುತ್ತೆ. ಸ್ಟೇಜ್ ಮೇಲಿರೋರ ಕಿವಿ ನೋಡಿ. ತುಂಬಾ ಜನ ಏನಾದ್ರೂ ಹಾಕಿರ್ತಾರೆ. ಕೋಲ್ಡ್‌ಪ್ಲೇಯ ಕ್ರಿಸ್ ಮಾರ್ಟಿನ್ ತನಗೆ ಈ ಶಿಳ್ಳೆಯ ಕಾಟ ಇದೆ ಅಂತ ಬಹಿರಂಗವಾಗೇ ಹೇಳಿದ್ದಾರೆ. ಎಸಿ/ಡಿಸಿ ಬ್ಯಾಂಡಿನ ಬ್ರಯನ್ ಜಾನ್ಸನ್ 2016ರಲ್ಲಿ ಕಿವಿಯ ಕಾರಣಕ್ಕೆ ಟೂರ್ ಮಧ್ಯದಲ್ಲೇ ಬಿಟ್ಟರು. ಮೆಡಿಕಲ್ ಶಾಪಿನ ಫೋಮ್ ಪ್ಲಗ್ ಒಂದು ಮಸಾಲೆ ದೋಸೆ ದುಡ್ಡಿಗೆ ಸಿಗುತ್ತೆ, ಕಿವಿ ಉಳಿಸುತ್ತೆ, ಆದ್ರೆ ಮೇಲಿನ ಸ್ವರಗಳನ್ನ ಜಾಸ್ತಿ ನುಂಗಿ ಹಾಡನ್ನ ಕಂಬಳಿ ಹೊದ್ದ ಹಾಗೆ ಮಾಡುತ್ತೆ. ಸಂಗೀತಕ್ಕಂತಾನೇ ಬರೋ ಫಿಲ್ಟರ್ ಪ್ಲಗ್ ದುಬಾರಿ, ಆದ್ರೆ ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಸಮವಾಗಿ ಇಳಿಸುತ್ತೆ. ಸರಿಯಾಗಿ ಕೂತ್ರೆ 15 ಡೆಸಿಬೆಲ್ ಅಂತ ಇಟ್ಕೊಳ್ಳಿ. 100 ಹೋಗಿ 85 ಆಯ್ತು, 15 ನಿಮಿಷ ಹೋಗಿ 8 ಗಂಟೆ ಆಯ್ತು. ಇಷ್ಟು ಒಳ್ಳೆ ರಿಟರ್ನ್ ಕೊಡೋ ಮ್ಯೂಚುಯಲ್ ಫಂಡ್ ನಾನು ನೋಡಿಲ್ಲ. ಹತ್ತಿ ತುರುಕೋದು ಮಾತ್ರ ಬೇಡ, ಅದು ಸಮಾಧಾನಕ್ಕಷ್ಟೇ.

ಗುಂಯ್ ಒಂದೆರಡು ದಿನದಲ್ಲಿ ಇಳೀದಿದ್ರೆ ಡಾಕ್ಟರ್ ಹತ್ರ ಹೋಗಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದ ಆದ್ರೆ ಕಾಯಲೇಬೇಡಿ, ಅವತ್ತೇ ಹೋಗಿ, ಅಂಥದ್ದಕ್ಕೆ ಔಷಧಿ ಬೇಗ ಶುರುವಾದಷ್ಟೂ ಒಳ್ಳೇದು. ನಾನು ಹೋಗಿದ್ದು ಮೂರು ವಾರ ಬಿಟ್ಟು.

ಒಂದು ಮನೆ ವಿಷಯ ಹೇಳಿಬಿಡ್ತೀನಿ. ನಮ್ಮೂರು ಗಂಗಾವತಿ. ಅಪ್ಪ 26 ವರ್ಷ ರೈಸ್ ಮಿಲ್‌ನಲ್ಲಿ ಲೆಕ್ಕ ಬರೆದವರು, ಮಷೀನ್ ಪಕ್ಕದ ರೂಮಲ್ಲಿ ಕೂತು. ಫೋನ್ ಮಾಡಿದ್ರೆ ಪ್ರತಿ ಸಲ "ಹಾಂ? ಏನಂದಿ?" ನಾನು ರೇಗ್ತಿದ್ದೆ, ಗಮನ ಕೊಡಲ್ಲ ಅಂತ. ನನ್ನ ಗ್ರಾಫ್ ತೋರಿಸಿ ಡಾಕ್ಟರ್ ಹೇಳಿದ್ದು, ಸ, ಶ, ತ ಥರದ ಅಕ್ಷರಗಳ ಸದ್ದು ಮೇಲಿನ ಫ್ರೀಕ್ವೆನ್ಸಿಯಲ್ಲಿರುತ್ತೆ, ಮೊದಲು ಹೋಗೋದು ಅಲ್ಲೇ. ಹಾಗಾಗಿ ಮಾತಿನ ಸದ್ದು ಬರುತ್ತೆ, ಮಾತು ಬಿಡಿಸಿ ಗೊತ್ತಾಗಲ್ಲ. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಅವರು, "ಹೌದಪಾ, ಕೇಳಸ್ತೈತಿ, ತಿಳಿಯಂಗಿಲ್ಲ. ನೀ ಬೆಂಗಳೂರಿಗೆ ಹೋದ ಮ್ಯಾಲ ಭಾಳ ಜಲ್ದಿ ಮಾತಾಡ್ತಿ ಅಂದ್ಕೊಂಡಿದ್ದೆ" ಅಂದ್ರು.

ಯುಗಾದಿಗೆ ಊರಿಗೆ ಹೋದಾಗ ಅವರನ್ನೂ ಟೆಸ್ಟಿಗೆ ಕರ್ಕೊಂಡು ಹೋಗ್ತಿದ್ದೀನಿ. ಮುಂದಿನ ತಿಂಗಳು ಒಂದು ಶೋಗೂ ಟಿಕೆಟ್ ತಗೊಂಡಿದ್ದೀನಿ, ಈ ಸಲ ಸೌಂಡ್ ಟೆಂಟ್ ಪಕ್ಕ. ನಿಮ್ಮಲ್ಲಿ ಪ್ಲಗ್ ಹಾಕ್ಕೊಂಡು ಕಾನ್ಸರ್ಟ್ ಕೇಳಿದವರಿದ್ರೆ ಹೇಗಿತ್ತು ಅಂತ ವಾಯ್ಸ್ ನೋಟ್ ಕಳಿಸಿ. ಮತ್ತೆ, ಈ ಎಪಿಸೋಡಲ್ಲಿ ಎಡಗಡೆ ಸೌಂಡ್ ಜಾಸ್ತಿ ಇದ್ರೆ ದಯವಿಟ್ಟು ಹೇಳಿ.